ಹಸು ಹಾಲು ಇಳಿಸಿದೆ, ಕರು ಕೆಮ್ಮುತ್ತಿದೆ, ಮನೆಮಂದಿಗೆಲ್ಲ ಸುಸ್ತು: ಈ ಚಳಿಗೆ ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಮಾಗಡಿ ತಾಲ್ಲೂಕಿನ ಯಜಮಾನರ ಊರಿಗೆ ಬಂದು ಇದು ನಮಗೆ ಎರಡನೇ ಚಳಿಗಾಲ. ಎರಡೂಕಾಲು ಎಕರೆ ಜಮೀನು. ರಾಗಿ, ಅಕ್ಕಡಿ ಸಾಲಿಗೆ ಅವರೆ, ಸ್ವಲ್ಪ ನೇಪಿಯರ್ ಹುಲ್ಲು. ಎರಡು ಸೀಮೆಹಸು ಇವೆ. ಒಂದು ಈದು ಒಂದೂವರೆ ತಿಂಗಳಾಯಿತು. 11 ಲೀಟರ್ ಕೊಡುತ್ತಿದ್ದದ್ದು ಈಗ 8ಕ್ಕೆ ಇಳಿದಿದೆ. ಇನ್ನೊಂದು ಎಂಟು ತಿಂಗಳ ಗಬ್ಬ. ನೇಪಿಯರ್ ಬೆಳೆಯುತ್ತಿಲ್ಲ, ಹಾಗಾಗಿ ಹೋದ ವರ್ಷದ ರಾಗಿಹುಲ್ಲೇ ಹೆಚ್ಚು ಹಾಕುತ್ತಿದ್ದೇವೆ. ನೀರು ಮೊದಲಿನಂತೆಯೇ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದೂವರೆ. ಕರು ಕೆಮ್ಮುತ್ತದೆ ಎಂದು ಕೊಟ್ಟಿಗೆ ಸುತ್ತಲೂ ಟಾರ್ಪಲ್ ಕಟ್ಟಿದ್ದೇವೆ. ಧನುರ್ಮಾಸದ ಪೂಜೆ ಇರುವುದರಿಂದ ನಾಲ್ಕು ಗಂಟೆಗೆ ಏಳುತ್ತೇನೆ. ಕೊಟ್ಟಿಗೆ ತೊಳೆದು, ಹಾಲು ಕರೆದು, ಡೇರಿಗೆ ಹಾಕಿ ಬರುವಷ್ಟರಲ್ಲಿ ಮಗನ ಸ್ಕೂಲ್ ವ್ಯಾನ್ ಬಂದಿರುತ್ತದೆ. ಯಜಮಾನರು ರಾತ್ರಿ ಕರೆಂಟ್ ಪಾಳಿಗೆ ಮೋಟರ್ ಹಾಕಲು ಹೋಗಿ ಬೆಳಿಗ್ಗೆ ಮಲಗಿರುತ್ತಾರೆ. ಅತ್ತೆ ಮತ್ತು ಮಗ ಮಲಗುವ ಕೋಣೆಯಲ್ಲಿ ರಾತ್ರಿ ಅಗ್ಗಿಷ್ಟಿಕೆ ಇಡುತ್ತೇವೆ. ಆದರೂ ಇಬ್ಬನಿಗೋ ಏನೋ, ಬೆಳಿಗ್ಗೆ ಎದ್ದಾಗ ಇಬ್ಬರಿಗೂ ತಲೆಭಾರ ಅನ್ನುತ್ತಾರೆ. ಚಳಿಯಿಂದಲೇ ಹಾಲು ಕಡಿಮೆಯಾಗಿದೆಯೇ? ನಾವೇನು ತಪ್ಪು ಮಾಡುತ್ತಿದ್ದೇವೆ?

ಉತ್ತರ: ತಾಯಿ, ನಿಮ್ಮ ಪತ್ರದ ತುಂಬ ಹಸುವಿನ ಮಾತೇ ಇದೆ, ತಲೆಭಾರದ ಮಾತು ಮಾತ್ರ ಕೊನೆಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದೆ. ನಾನು ದನದ ಡಾಕ್ಟರು. ಪಶು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾಗಿ ಈಗ ಕುಣಿಗಲ್ ಕಡೆ ನನ್ನದೇ ಎರಡು ಹಸು ಕಟ್ಟಿಕೊಂಡಿದ್ದೇನೆ. ಆದರೂ ಆ ಒಂದು ಸಾಲಿನಿಂದಲೇ ಶುರು ಮಾಡಬೇಕು.

ಅಗ್ಗಿಷ್ಟಿಕೆಯನ್ನು ಇವತ್ತು ರಾತ್ರಿಯಿಂದಲೇ ಕೋಣೆಯಿಂದ ಹೊರಗಿಡಿ. ಹೊಗೆಯಾಡದ, ಕೆಂಪಗೆ ಕಾದ ಕೆಂಡ ನೋಡಲು ನಿರುಪದ್ರವಿ ಅನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರಿಗೂ ಒಟ್ಟಿಗೆ ತಲೆಭಾರ, ಹೊರಗೆ ಬಂದು ಓಡಾಡಿದ ಮೇಲೆ ಕಡಿಮೆಯಾಗುವುದು, ಇದು ಇಬ್ಬನಿಯ ಲಕ್ಷಣವಲ್ಲ. ಇಬ್ಬರನ್ನೂ ಒಮ್ಮೆ ವೈದ್ಯರಿಗೆ ತೋರಿಸಿ, ಕೆಂಡ ಇಡುತ್ತಿದ್ದ ವಿಷಯವನ್ನು ಮರೆಯದೆ ಹೇಳಿ. ಅತ್ತೆಯವರಿಗೆ ಬೆಂಕಿ ಬೇಕೇ ಬೇಕು ಅನ್ನಿಸಿದರೆ ಸಂಜೆ ಜಗಲಿಯಲ್ಲಿ ಕಾಯಿಸಿಕೊಳ್ಳಲಿ. ಮಲಗುವಾಗ ಕಂಬಳಿಯೊಳಗೆ ಬಿಸಿನೀರಿನ ಚೀಲ, ಕಾಲಿಗೆ ಕಾಲುಚೀಲ ಸಾಕು. ನಮ್ಮ ಕಡೆಯದು ಅಂಥ ಚಳಿಯೂ ಅಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ.

ಈಗ ಹಾಲಿಗೆ ಬರೋಣ. ಚಳಿಯಿಂದ ನಿಮ್ಮ ಹಸು ಹಾಲು ಇಳಿಸಿಲ್ಲ. ಸೀಮೆಹಸುವಿನ ತಳಿ ಚಳಿ ದೇಶದ್ದು. 12, 14 ಡಿಗ್ರಿಯ ರಾತ್ರಿ ಅದಕ್ಕೆ ಹಿತವೇ, ಅದು ಒದ್ದಾಡುವುದು ಏಪ್ರಿಲ್ ಬಿಸಿಲಿಗೆ. ಹಾಗಾದರೆ ಮೂರು ಲೀಟರ್ ಎಲ್ಲಿ ಹೋಯಿತು? ನೀವೇ ಬರೆದಿದ್ದೀರಿ: ನೀರು ಮೊದಲಿನಂತೆಯೇ ಎರಡೂವರೆ ಬಕೆಟ್. ಉತ್ತರ ಅದರಲ್ಲೇ ಇದೆ.

ಒಂದು ಲೀಟರ್ ಹಾಲಿಗೆ ಹಸುವಿನ ಮೈಗೆ ನಾಲ್ಕೈದು ಲೀಟರ್ ನೀರು ಸೇರಬೇಕು. 11 ಲೀಟರಿಗೆ ಹೆಚ್ಚುಕಡಿಮೆ 55 ಲೀಟರ್. ನೇಪಿಯರ್ ಸೊಂಪಾಗಿದ್ದಾಗ ದಿನಕ್ಕೆ 25 ಕೆಜಿ ಹಾಕುತ್ತಿದ್ದಿರಿ ಎಂದುಕೊಳ್ಳೋಣ. ಹಸಿಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಭಾಗ ನೀರೇ, ಅಂದರೆ ಅಲ್ಲೇ 20 ಲೀಟರ್ ಬಂದುಬಿಟ್ಟಿತು. 15 ಲೀಟರಿನ ಬಕೆಟ್ಟಾದರೆ ಎರಡೂವರೆಗೆ 37. ಎರಡೂ ಸೇರಿದರೆ ಲೆಕ್ಕ ತುಂಬುತ್ತದೆ. ಈಗ ನೇಪಿಯರ್ ನಾಲ್ಕೈದು ಕೆಜಿಗೆ ಬಂದಿದೆ, ಉಳಿದದ್ದು ರಾಗಿಹುಲ್ಲು. ಎಂಟು ಕೆಜಿ ಒಣಹುಲ್ಲು ಹಿಂಡಿದರೂ ಒಂದು ಲೀಟರ್ ನೀರು ಇಲ್ಲ. ಹುಲ್ಲಿನೊಳಗೆ ಬರುತ್ತಿದ್ದ ಒಂದು ಬಕೆಟ್ಟಿಗೂ ಹೆಚ್ಚು ನೀರು ಕಾಣದ ಹಾಗೆ ನಿಂತುಹೋಯಿತು. ನಿಮ್ಮ ಬಕೆಟ್ಟಿನ ಎಣಿಕೆ ಮಾತ್ರ ಹಾಗೇ ಉಳಿಯಿತು. ಈಗ ಸೇರುತ್ತಿರುವುದು 40ರ ಹತ್ತಿರ. ಎಂಟು ಲೀಟರಿಗೆ ಐದರಂತೆ ಗುಣಿಸಿ ನೋಡಿ. ಇಷ್ಟು ನಾಜೂಕಾಗಿ ಲೆಕ್ಕ ಕೂರುವುದು ಕಾಗದದ ಮೇಲೆ ಮಾತ್ರ, ನಿಜ. ಆದರೆ ದಾರಿ ಇದೇ.

"ಇಟ್ಟರೂ ಕುಡಿಯುವುದಿಲ್ಲ ಸಾರ್" ಎಂದು ಬಹಳ ಜನ ಹೇಳುತ್ತಾರೆ. ರಾತ್ರಿಯಿಡೀ ಸಿಂಟೆಕ್ಸ್‌ನಲ್ಲೋ ತೊಟ್ಟಿಯಲ್ಲೋ ಕೊರೆದ ನೀರನ್ನು ಮುಂಜಾನೆ ಐದಕ್ಕೆ ಮುಂದಿಟ್ಟರೆ ಹಸು ಮೂತಿ ಅದ್ದಿ ತೆಗೆಯುತ್ತದೆ ಅಷ್ಟೇ. ಅದೇ ಬೋರ್‌ವೆಲ್ಲಿನಿಂದ ಆಗತಾನೇ ಬಂದ ನೀರಿಗೆ ಕೈ ಹಿಡಿದು ನೋಡಿ, ಉಗುರುಬೆಚ್ಚಗಿರುತ್ತದೆ. ಹಾಗಾಗಿ ಬೆಳಿಗ್ಗೆ ಹಾಲು ಕರೆದ ಮೇಲೆ ಹಂಡೆಯಿಂದ ಒಂದು ಚೊಂಬು ಬಿಸಿನೀರು ಬೆರೆಸಿ, ಹಿಡಿ ಬೂಸ, ಚಿಟಿಕೆ ಉಪ್ಪು ಹಾಕಿ ಒಂದು ಬಕೆಟ್. ಹನ್ನೊಂದು ಗಂಟೆಗೆ ಒಂದು, ಮೂರಕ್ಕೆ ಒಂದು, ಸಂಜೆ ಒಂದು. ನಡುವಿನ ಎರಡು ಬಕೆಟ್ಟೇ ಮುಖ್ಯ. ಬಿಸಿಲು ಕಾಯಿಸಿಕೊಂಡು ಹುಲ್ಲು ಮೇಯ್ದ ಹಸುವಿಗೆ ಆಗ ಬಾಯಾರಿಕೆ ಜೋರಾಗಿರುತ್ತದೆ. ಹುಲ್ಲನ್ನೂ ಒಂದೇ ಸಲ ಬದಲಾಯಿಸಬೇಡಿ. ಹಸುವಿನ ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ಹದಿನೈದು ದಿನ ಬೇಕು. ಇರುವ ನೇಪಿಯರನ್ನು ಕತ್ತರಿಸಿ ರಾಗಿಹುಲ್ಲಿನ ಜೊತೆ ಕಲಸಿ ಹಾಕಿ, ಆಗ ಆರಿಸಿ ತಿನ್ನಲು ಆಗುವುದಿಲ್ಲ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ. ಹಸಿಮೇವಿಗೆ ಪರದಾಡುವ ಈ ದಿನಗಳಲ್ಲಿ ಜೋಳ ಕೊಯ್ದ ಹೊಲದ ಕೂಳೆ ಚಿಗುರು ಕಣ್ಣಿಗೆ ಬೀಳುತ್ತದೆ. ಅದರ ಹತ್ತಿರ ಹಸು ಬಿಡಬೇಡಿ. ಎಳೆಯ ಕೂಳೆಯಲ್ಲಿ ವಿಷ ಇರುತ್ತದೆ, ಡಾಕ್ಟರು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಹಸು ಹೋಗಿರುತ್ತದೆ.

ಇನ್ನು ಟಾರ್ಪಲ್. ಇದನ್ನು ಬರೆಯುವಾಗ ನನಗೇ ಸ್ವಲ್ಪ ನಾಚಿಕೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊರಿನವರಿಗೆಲ್ಲ ಬುದ್ಧಿ ಹೇಳುತ್ತಿದ್ದ ಕಾಲದಲ್ಲೇ, ನಮ್ಮ ಮನೆಯ ಕೊಟ್ಟಿಗೆಗೆ ನಾಲ್ಕೂ ಕಡೆ ಟಾರ್ಪಲ್ ಕಟ್ಟಿಸಿದ್ದೆ. ಒಳಗೆ ಕಾಲಿಟ್ಟರೆ ಬೆಚ್ಚಗಿತ್ತು, ನೋಡಿ ಹೆಮ್ಮೆಪಟ್ಟಿದ್ದೆ. ಎರಡು ವಾರಕ್ಕೆ ಕರು ಕೆಮ್ಮಲು ಶುರುಮಾಡಿತು. ಚಳಿ ಜಾಸ್ತಿಯಾಯಿತೇನೋ ಎಂದು ಉಳಿದಿದ್ದ ಸಂದನ್ನೂ ಗೋಣಿಚೀಲದಿಂದ ಮುಚ್ಚಿದೆ. ಆ ಕರು ಉಳಿಯಲಿಲ್ಲ. ನ್ಯುಮೋನಿಯ. ನಮ್ಮಮ್ಮ ಒಂದೇ ಮಾತು ಕೇಳಿದ್ದರು: "ಅಲ್ಲ ಕಣೋ, ಅಲ್ಲಿ ನಿಂತ್ರೆ ನಂಗೇ ಕಣ್ಣು ಉರೀತಿತ್ತಲ್ಲ, ನಿಂಗೆ ಉರೀಲಿಲ್ವಾ?"

ಉರಿಯುತ್ತಿರಲಿಲ್ಲ, ಏಕೆಂದರೆ ನಾನು ನಿಂತು ನೋಡುತ್ತಿದ್ದೆ, ಎರಡು ನಿಮಿಷದಲ್ಲಿ ಹೊರಡುತ್ತಿದ್ದೆ. ಕರು ಮಲಗುವುದು ನೆಲಕ್ಕೆ ಮೂತಿ ಹಚ್ಚಿ. ಗಂಜಲ ಕೊಳೆತು ಏಳುವ ಅಮೋನಿಯ ನೆಲದಿಂದಲೇ ಏಳುತ್ತದೆ. ನಾಳೆ ಬೆಳಿಗ್ಗೆ ಟಾರ್ಪಲ್ ಬಿಚ್ಚುವ ಮುಂಚೆ ಕರುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಮೂಗಿನ ಎತ್ತರಕ್ಕೆ ನಿಮ್ಮ ಮುಖ ತನ್ನಿ. ಐದು ನಿಮಿಷ ಕೂರಿ. ಕಣ್ಣು ಚುರುಗುಟ್ಟಿದರೆ ಕೆಮ್ಮಿನ ಕಾರಣ ಸಿಕ್ಕಿತು. ಆಮೇಲೆ ಅದು ಮಲಗುವ ಜಾಗದಲ್ಲಿ ಮಂಡಿಯೂರಿ. ಎದ್ದಾಗ ಸೀರೆಯೋ ನೈಟಿಯೋ ಮಂಡಿಯ ಹತ್ತಿರ ಒದ್ದೆಯಾಗಿದ್ದರೆ, ಆ ಒದ್ದೆಯಲ್ಲೇ ಅದು ರಾತ್ರಿಯಿಡೀ ಮಲಗಿದೆ ಎಂದು ತಿಳಿಯಿರಿ.

ಟಾರ್ಪಲನ್ನು ಗಾಳಿ ಬೀಸುವ ಒಂದು ಕಡೆಗೆ ಮಾತ್ರ, ಅದೂ ಹಸುವಿನ ಬೆನ್ನಿನ ಎತ್ತರದವರೆಗೆ ಕಟ್ಟಿ. ಅದರ ಮೇಲೆ, ಸೂರಿನ ಕೆಳಗೆ, ಗಾಳಿ ಆಡಲಿ. ಕರುವಿನ ಕೆಳಗೆ ಒಣಹುಲ್ಲು ಅಥವಾ ತರಗು ಗೇಣುದ್ದ ಹಾಸಿ, ಒದ್ದೆಯಾದಷ್ಟನ್ನು ದಿನಾ ತೆಗೆದು ತಿಪ್ಪೆಗೆ ಹಾಕಿ. ಮೈಮೇಲೆ ಗೋಣಿಚೀಲ ಹೊದಿಸಿ ಹೊಟ್ಟೆಯಡಿ ಕಟ್ಟಿದರೆ ಅದೇ ಸ್ವೆಟರು. ಹಾಲು ಕಡಿಮೆಯಾಯಿತೆಂದು ಕರುವಿನ ಪಾಲಿಗೆ ಕೈ ಹಾಕಬೇಡಿ. ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ ನಲವತ್ತು ಕೆಜಿ ತೂಗಿದರೆ ನಾಲ್ಕು ಲೀಟರ್, ಅದರದ್ದೇ. ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಉಸಿರಾಟಕ್ಕೆ ಪಕ್ಕೆ ಎಳೆದುಕೊಳ್ಳುತ್ತಿದ್ದರೆ, ಅಥವಾ ಹಾಲು ಕುಡಿಯುವುದನ್ನು ಬಿಟ್ಟರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಜಂತುಹುಳುವಿನ ಔಷಧ ಹಾಕಿಸಿಲ್ಲದಿದ್ದರೆ ಅದನ್ನೂ ಆಗಲೇ ಕೇಳಿ.

ಇಲ್ಲಿಗೆ ನಿಮ್ಮ ನಾಲ್ಕು ಗಂಟೆಯ ವಿಷಯ ಬಂತು. ಕೊಟ್ಟಿಗೆಯನ್ನು ಆ ಹೊತ್ತಿಗೆ ತೊಳೆಯುವುದನ್ನು ನಿಲ್ಲಿಸಿ. ಸೋಮಾರಿತನಕ್ಕೆ ಹೇಳುತ್ತಿಲ್ಲ. ಡಿಸೆಂಬರ್ ಕೊನೆಯಲ್ಲಿ ನಮ್ಮ ಸೀಮೆಯ ಹಗಲು ಹನ್ನೊಂದೂವರೆ ಗಂಟೆಗೂ ಸ್ವಲ್ಪ ಕಡಿಮೆ, ಸೂರ್ಯ ಹುಟ್ಟುವುದಂತೂ ಜನವರಿ ನಡು ದಾಟುವವರೆಗೂ ತಡವಾಗುತ್ತಲೇ ಹೋಗಿ 6.45ರ ಆಸುಪಾಸಿಗೆ ನಿಲ್ಲುತ್ತದೆ. ನಾಲ್ಕೂವರೆಗೆ ಸುರಿದ ನೀರು ಒಂಬತ್ತರವರೆಗೂ ಆರುವುದಿಲ್ಲ. ಹಾಲು ಕರೆಸಿಕೊಂಡ ಹಸು ಆ ಒದ್ದೆ ನೆಲದ ಮೇಲೆ ಮಲಗುತ್ತದೆ. ಕರೆದ ಮೇಲೆ ಮೊಲೆತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಮಲಗಿದರೆ ಕೆಚ್ಚಲು ಬಾವಿಗೆ ಬಾಗಿಲು ತೆರೆದಿಟ್ಟ ಹಾಗೆ. ಬೆಳಿಗ್ಗೆ ಸಗಣಿ ಬಾಚಿ, ಒದ್ದೆ ಇದ್ದ ಕಡೆ ಒಲೆಯ ಬೂದಿ ಉದುರಿಸಿದರೆ ಸಾಕು, ಕಾಲು ಗಂಟೆಯ ಕೆಲಸ. ಮೇವನ್ನು ಕರೆಯುವ ಮುಂಚೆ ಹಾಕದೆ ಕರೆದಾದ ಮೇಲೆ ಹಾಕಿ, ಆಗ ತಿನ್ನುತ್ತಾ ನಿಂತಿರುತ್ತದೆ. ತೊಳೆಯುವುದು, ಮೈ ತಿಕ್ಕುವುದು, ಬಕೆಟ್ ಉಜ್ಜುವುದು, ಹೀಗೆ ನೀರು ಮುಟ್ಟುವ ಕೆಲಸವೆಲ್ಲ ಹನ್ನೊಂದರ ಬಿಸಿಲಿಗೆ ಹೋಗಲಿ. ಎಳ್ಳು ಬೆಲ್ಲ ಹಂಚುವವರೆಗಾದರೂ.

ಕರೆಯುವ ಮುಂಚೆ ನಿಮ್ಮ ಕೈಯನ್ನು ಬಿಸಿನೀರಿಗೆ ಅದ್ದಿಕೊಳ್ಳಿ. ತಣ್ಣನೆಯ ಕೈ ತಗುಲಿದರೆ ಹಸು ಸೊರ ಬಿಡುವುದಿಲ್ಲ, ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೆಚ್ಚಲನ್ನು ಬೆಚ್ಚನೆಯ ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರಸಿ, ಒಂದು ನಿಮಿಷದೊಳಗೆ ಶುರುಮಾಡಿ ಏಳೆಂಟು ನಿಮಿಷದಲ್ಲಿ ಮುಗಿಸಬೇಕು. ಸೊರ ಬಿಡಿಸುವ ರಸದ ಜೋರು ಅಷ್ಟು ಹೊತ್ತು ಮಾತ್ರ. ಸೊರ ಬಿಡಿಸಲು ಯಾರೋ ಇಂಜೆಕ್ಷನ್ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಧನುರ್ಮಾಸದ ಹುಗ್ಗಿಯನ್ನು ಅತ್ತೆಯವರೇ ಮಾಡಲಿ. ಹೇಗೂ ಎದ್ದಿರುತ್ತಾರೆ, ಅವರ ವ್ರತ ಅವರ ಕೈಯಲ್ಲಿ ನಡೆದರೆ ಅವರಿಗೂ ಸಮಾಧಾನ. ನೀವು ಐದಕ್ಕೆ ಎದ್ದರೂ ಡೇರಿಯ ಹೊತ್ತಿಗೆ ಹಾಲು ತಲುಪುತ್ತದೆ. ಸಂಜೆಯ ಹಾಲು ಯಜಮಾನರು ಕರೆಯಲಿ. ಒಂದು ದಿನ ನೀವು, ಒಂದು ದಿನ ಅವರು ಅಂತಾದರೆ ಹಸು ಒಪ್ಪುವುದಿಲ್ಲ, ಅದಕ್ಕೆ ಕೈ ಗುರುತಿರುತ್ತದೆ. ಬೆಳಿಗ್ಗೆ ಒಂದೇ ಕೈ, ಸಂಜೆ ಒಂದೇ ಕೈ ಎಂದು ಗೊತ್ತು ಮಾಡಿದರೆ ನಾಲ್ಕೈದು ದಿನ ಮುನಿಸಿಕೊಂಡು ಆಮೇಲೆ ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಸಂಜೆ ಕರೆಯುವವನು ನಾನೇ. ಹೆಂಡತಿ ಆ ಹೊತ್ತಿಗೆ ಟೀ ಲೋಟ ಹಿಡಿದು ಜಗಲಿಯಲ್ಲಿ ಕೂತು ನನಗೆ ಸಲಹೆ ಕೊಡುತ್ತಾಳೆ.

ಯಜಮಾನರ ರಾತ್ರಿ ಪಾಳಿಗೆ ನನ್ನಲ್ಲಿ ಮದ್ದಿಲ್ಲ, ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಆಗ ಹೋಗಲೇಬೇಕು. ಮೊಬೈಲಿನಿಂದ ಮೋಟರ್ ಆನ್ ಮಾಡುವ ಸ್ಟಾರ್ಟರ್ ಹಾಕಿಸಿಕೊಳ್ಳುವ ಶಕ್ತಿ ಇದ್ದರೆ ಹಾಕಿಸಿ, ನಿದ್ದೆಯ ಬೆಲೆಗೆ ಅದು ಅಗ್ಗ. ಹೋಗಲೇಬೇಕಾದ ದಿನ ಮಂಡಿವರೆಗಿನ ಗಮ್‌ಬೂಟು, ತಲೆಗೆ ಕಟ್ಟುವ ಬ್ಯಾಟರಿ ಇಲ್ಲದೆ ಬದುವಿಗೆ ಕಾಲಿಡಬಾರದು. ಈ ತಿಂಗಳುಗಳಲ್ಲಿ ಕೊಳಕುಮಂಡಲ ಹಾವು ಹೆಚ್ಚು ಓಡಾಡುತ್ತದೆ, ರಾಗಿ ಮೆದೆಯ ಅಡಿ ಇಲಿ ಇದ್ದಲ್ಲಿಗೆ ಅದೂ ಬರುತ್ತದೆ. ಕಚ್ಚಿದರೆ ದಾರ ಕಟ್ಟುವುದು, ಕೊಯ್ಯುವುದು ಏನೂ ಬೇಡ, ನೇರ ಆಸ್ಪತ್ರೆ.

ಮೆದೆಯ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ನೀವು ಕೇಳಿಲ್ಲ. ರಾಗಿ ಬಡಿಯಲು ಅವಸರ ಮಾಡಬೇಡಿ. ಮೆದೆಯಲ್ಲಿ ಒಂದು ತಿಂಗಳು ಕೂತ ತೆನೆ ಸುಲಭವಾಗಿ ಕಾಳು ಬಿಡುತ್ತದೆ. ಬಡಿಯುವ ದಿನ ಇಬ್ಬನಿ ಪೂರಾ ಆರಿದ ಮೇಲೆ, ಹತ್ತೂವರೆ ಹನ್ನೊಂದಕ್ಕೆ ಮೆದೆ ಬಿಚ್ಚಿ. ಟಾರ್ ರೋಡಿಗೆ ಹರಡಬೇಡಿ, ಬೈಕಿನವರು ಹುಲ್ಲಿನ ಮೇಲೆ ಜಾರಿ ಬೀಳುತ್ತಾರೆ, ನಿಮ್ಮ ರಾಗಿಗೆ ಕಲ್ಲು ಸೇರುತ್ತದೆ, ಹಸುವಿಗೆ ಹಾಕುವ ಹುಲ್ಲಿಗೆ ಎಣ್ಣೆ ಹತ್ತುತ್ತದೆ. ಸರ್ಕಾರಿ ಖರೀದಿ ಕೇಂದ್ರಕ್ಕೆ ಕೊಡುವುದಾದರೆ (2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು) ರೈತರಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ, ಅಂದರೆ ಫ್ರೂಟ್ಸ್ ಐಡಿ, ಇಟ್ಟುಕೊಂಡು ಹೆಸರು ಮೊದಲೇ ನೋಂದಾಯಿಸಿ, ಕಾಳು ಚೆನ್ನಾಗಿ ಒಣಗಿಸಿ. ಮನೆಗೆ ಬೇಕಾದದ್ದನ್ನು ಅಳೆಯುವಾಗ ಮೊದಲ ಸೇರನ್ನು ಅತ್ತೆಯವರು "ಲಾಭ" ಎಂದೇ ಎಣಿಸುತ್ತಾರೆ, ಮಗನನ್ನು ಪಕ್ಕದಲ್ಲಿ ಕೂರಿಸಿ.

ಮಗನಿಗೆ ಇನ್ನೊಂದು ಕೆಲಸವಿದೆ. ಸಂಜೆ ಏಳಕ್ಕೆ ಮೊರದ ತುಂಬ ಅವರೆಕಾಯಿ ಸುರಿದು ಎಲ್ಲರೂ ಸುತ್ತ ಕೂರುತ್ತೀರಲ್ಲ, ಹುಳ ಹಿಡಿದ ಕಾಯಿ ಆರಿಸುವುದು ಅವನಿಗೆ ಬಿಡಿ. ಮಕ್ಕಳ ಕಣ್ಣು ನಮಗಿಂತ ಚುರುಕು. ಇಬ್ಬನಿ ಕುಡಿದ ಕಾಯಿಯ ಸೊಗಡು ಬೆರಳಿಗೆ ಹತ್ತಿ ಮಾರನೆಯ ದಿನ ಸ್ಕೂಲಿಗೂ ಹೋಗುತ್ತದೆ, ಹೋಗಲಿ. ಕಾಳು ನೆನೆಹಾಕಿ ಬೆಳಿಗ್ಗೆ ಹಿತುಕುವಾಗಲೂ ಅವನೇ ಮುಂದೆ ಬರುತ್ತಾನೆ, ಬೇಳೆ ಚಿಮ್ಮುವುದು ಅವರಿಗೆ ಆಟ. ಸಿಪ್ಪೆಯನ್ನು ಹಸು ಆಸೆಪಟ್ಟು ತಿನ್ನುತ್ತದೆ. ಅದೇ ತೊಂದರೆ. ಅವರೆ ಸಿಪ್ಪೆ, ಹಸಿ ಅವರೆಸೊಪ್ಪು ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಎಡಪಕ್ಕೆಯ ಗುಳಿ ತುಂಬಿ ಬೆರಳಲ್ಲಿ ಬಡಿದರೆ ತಮಟೆಯ ಸದ್ದು ಬಂದರೆ ಮುಂಗಾಲು ಎತ್ತರದ ಜಾಗಕ್ಕೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಒಣಹುಲ್ಲು ತಿಂದ ಮೇಲೆ ಒಂದು ಮೊರ ಸಿಪ್ಪೆ, ಅಷ್ಟಕ್ಕೆ ನಿಲ್ಲಿಸಿ. ಕಾಯಿಕೊರಕಕ್ಕೆ ಔಷಧಿ ಹೊಡೆದು ವಾರ ಕಳೆದಿಲ್ಲವಾದರೆ ಅದೂ ಬೇಡ, ನೀವೂ ಆ ಕಾಯಿ ತಿನ್ನಬೇಡಿ.

ಗಬ್ಬದ ಹಸುವಿನ ಹಾಲು ಏಳನೇ ತಿಂಗಳಿಗೇ ನಿಲ್ಲಿಸಿದ್ದೀರಿ ಎಂದು ನಂಬುತ್ತೇನೆ. ಇಲ್ಲವಾದರೆ ಈ ವಾರವೇ ನಿಲ್ಲಿಸಿ, ಹೇಗೆ ಎಂದು ನಿಮ್ಮೂರಿನ ಡಾಕ್ಟರನ್ನು ಕೇಳಿ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ಅದನ್ನು ಕರೆದೊಯ್ಯಬೇಡಿ. ಬೆದರಿ ನೆಗೆದರೆ ಹೊಟ್ಟೆಯ ಕರುವಿಗೆ ಪೆಟ್ಟು. ಊರವರು ಏನಾದರೂ ಅಂದರೆ ಡಾಕ್ಟರು ಹೇಳಿದ್ದಾರೆ ಎನ್ನಿ. ಹಬ್ಬದ ಸ್ನಾನವನ್ನು ಎಲ್ಲಕ್ಕೂ ಮಧ್ಯಾಹ್ನದ ಬಿಸಿಲಿಗೇ ಮುಗಿಸಿ, ಗಬ್ಬದ್ದಕ್ಕೆ ಕೊಟ್ಟಿಗೆಯಲ್ಲೇ ಕೊಂಬಿಗೆ ಅರಿಸಿನ ಹಚ್ಚಿ ಹೂ ಕಟ್ಟಿ. ಪೊಂಗಲ್ ಒಂದು ಹಿಡಿ ಮಾತ್ರ ತಿನ್ನಿಸಿ. ಹಬ್ಬದ ಮಾರನೆಯ ಬೆಳಿಗ್ಗೆ ನನಗೆ ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಕುಕ್ಕೆಗಟ್ಟಲೆ ಅನ್ನ ಬೆಲ್ಲ ತಿಂದು ಎದ್ದೇಳಲಾರದೆ ಬಿದ್ದ ಹಸುಗಳವು.